ಡಿಸೆಂಬರಿನ ದಾನ, ಹನ್ನೆರಡು ತಿಂಗಳ ಋಣ

ಸಾಲ ತೀರಿಸಬೇಕಾದವನು ಸಾಲದ ಮಾತನ್ನೇ ಎತ್ತದೆ, ಹಬ್ಬದ ದಿನ ಬಂದು ಒಂದು ಕಂಬಳಿ ಹೊದಿಸಿ ಹೋದರೆ ಅದನ್ನು ಏನೆಂದು ಕರೆಯಬೇಕು? ದಾನವೆಂದೇ? ನಮ್ಮ ಹಿರಿಯರು ದಾನಕ್ಕೂ ಋಣಕ್ಕೂ ಬೇರೆ ಬೇರೆ ಪದಗಳನ್ನು ಇಟ್ಟುಕೊಂಡಿದ್ದರು. ದಾನ ಕೊಡುವವನ ಇಚ್ಛೆಗೆ ಬಿಟ್ಟದ್ದು, ಋಣ ತೀರಿಸಲೇಬೇಕಾದದ್ದು. ಈ ಎರಡನ್ನೂ ಒಂದೇ ಚೀಲದಲ್ಲಿ ಹಾಕಿ ಕಟ್ಟುವ ಜಾಣತನ ಮಹಾನಗರಗಳ ಕಾಲದ್ದು.

ವರ್ಷಾಂತ್ಯದ ರಜೆ ಬಂತೆಂದರೆ ಮಲೆನಾಡಿನ ಘಟ್ಟದ ರಸ್ತೆಗಳಲ್ಲಿ ನಗರದ ವಾಹನಗಳ ಸಾಲು. ಹೋಮ್‌ಸ್ಟೇ, ರೆಸಾರ್ಟುಗಳಲ್ಲಿ ಕ್ರಿಸ್‌ಮಸ್ ದೀಪಗಳು. ಅದೇ ವಾರದಲ್ಲಿ ಗುಡ್ಡದ ಶಾಲೆಗಳಿಗೆ ನೋಟ್‌ಬುಕ್ಕು, ಹಾಡಿಗಳಿಗೆ ಹೊದಿಕೆ, ಹಿಂದೆ ಒಂದು ಬ್ಯಾನರು, ಮುಂದೆ ಒಂದು ಕ್ಯಾಮೆರಾ. ಕೊಡುವವರ ಮನಸ್ಸು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಈ ಬಗೆಯ ಹಬ್ಬದ ಕೊಡುಗೆ ಎಲ್ಲಿಂದ ಬಂತು, ಅದು ಏನನ್ನು ತೋರಿಸುತ್ತದೆ, ಏನನ್ನು ಮರೆಸುತ್ತದೆ ಎಂಬುದನ್ನು ನಾವು ತಿಳಿಯಲೇಬೇಕು. ಅದಕ್ಕೆ ಅಮೆರಿಕದ ನ್ಯೂಯಾರ್ಕ್ ನಗರಕ್ಕಿಂತ ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಇಂದಿನ ಮಹಾನಗರದ ಕ್ರಿಸ್‌ಮಸ್ಸಿಗೆ ರೂಪ ಕೊಟ್ಟ ಊರುಗಳಲ್ಲಿ ಅದು ಮುಖ್ಯವಾದುದು. ಅಷ್ಟೇ ಅಲ್ಲ, ನಮ್ಮಂಥದೇ ಒಂದು ಗುಡ್ಡನಾಡಿನ ನೀರು ಕುಡಿದು ಬೆಳೆದ ಊರೂ ಅದೇ.

ಬಾಗಿಲಿಗೆ ಬಂದವರು ಬೇಡುವವರಾದದ್ದು

ಯೂರೋಪಿನ ಹಳೆಯ ಕ್ರಿಸ್‌ಮಸ್ ಇಂದಿನಂತೆ ಮನೆಯೊಳಗಿನ ಹಬ್ಬವಾಗಿರಲಿಲ್ಲ. ಅದು ರೈತನ ಹಬ್ಬ. ಕೊಯ್ಲು ಮುಗಿದು, ಕಣಜ ತುಂಬಿ, ಹೊಲದ ಕೆಲಸ ನಿಂತ ಚಳಿಗಾಲದ ನಡುವಿನ ಹಬ್ಬ. ಊರಿನ ಬಡವರೂ ಕೂಲಿಯಾಳುಗಳೂ ಗುಂಪುಕಟ್ಟಿ ಒಡೆಯನ ಬಾಗಿಲಿಗೆ ಹೋಗಿ ಹಾಡುತ್ತಿದ್ದರು. ಒಳ್ಳೆಯ ಊಟವನ್ನೂ ಒಳ್ಳೆಯ ಪಾನೀಯವನ್ನೂ ಕೇಳಿ ಪಡೆಯುತ್ತಿದ್ದರು. ಅದು ಭಿಕ್ಷೆಯಾಗಿರಲಿಲ್ಲ, ವರ್ಷಕ್ಕೊಮ್ಮೆಯ ಹಕ್ಕಾಗಿತ್ತು. ದೀಪಾವಳಿಯ ರಾತ್ರಿ ಜ್ಯೋತಿ ಹೊತ್ತು ಮನೆಮನೆಗೆ ಬರುವ ನಮ್ಮ ಅಂಟಿಗೆ-ಪಂಟಿಗೆಯವರಿಗೆ ಅಕ್ಕಿ, ಎಣ್ಣೆ, ಕಾಸು ಕೊಡುವಾಗ ‘ಇವರು ಅರ್ಹರೇ?’ ಎಂದು ಯಾರಾದರೂ ಕೇಳುತ್ತಾರೆಯೇ? ಅಲ್ಲಿಯೂ ಹಾಗೆಯೇ ಇತ್ತು.

ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸುವುದು ಬೇಡ. ಒಂದು ದಿನದ ಸಲಿಗೆ ಉಳಿದ ದಿನಗಳ ಯಜಮಾನಿಕೆಯನ್ನು ಗಟ್ಟಿಗೊಳಿಸುತ್ತಿತ್ತು. ಕಣದಲ್ಲಿ ಆಯಗಾರರಿಗೆ ಅಳೆದು ಕೊಡುತ್ತಿದ್ದ ನಮ್ಮ ‘ಆಯ’ದೊಳಗೂ ಜಾತಿಯ ಕಟ್ಟು ಇತ್ತು. ಆದರೂ ಆ ಪದ್ಧತಿಯಲ್ಲಿ ಒಂದು ಸತ್ಯವಿತ್ತು: ಕೊಡುವವನ ಕಣಜ ತುಂಬಿದ್ದು ತೆಗೆದುಕೊಳ್ಳುವವನ ದುಡಿಮೆಯಿಂದ ಎಂಬುದು ಇಬ್ಬರಿಗೂ ಗೊತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ನ್ಯೂಯಾರ್ಕ್ ಬೆಳೆಯತೊಡಗಿದಾಗ ಈ ತಿಳಿವಳಿಕೆ ಕಡಿದುಹೋಯಿತು. ಬೀದಿಯಲ್ಲಿ ಗದ್ದಲವೆಬ್ಬಿಸುವ ಬಡವರ ಗುಂಪು ಸಿರಿವಂತರಿಗೆ ಭಯ ಹುಟ್ಟಿಸಿತು. 1823ರಲ್ಲಿ ಪ್ರಕಟವಾಗಿ ಮುಂದೆ ಕ್ಲೆಮೆಂಟ್ ಕ್ಲಾರ್ಕ್ ಮೂರ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಸಂತ ನಿಕೊಲಸ್ ಕವಿತೆಯೂ, ವಾಷಿಂಗ್ಟನ್ ಇರ್ವಿಂಗರ ಬರಹಗಳೂ ಹಬ್ಬವನ್ನು ಬೀದಿಯಿಂದ ಮನೆಯ ಒಲೆಯ ಬಳಿಗೆ ತಂದವು. ಉಡುಗೊರೆ ಈಗ ಮನೆಯ ಮಕ್ಕಳಿಗೆ ಸಂದಿತು. ಇತಿಹಾಸಕಾರ ಸ್ಟೀಫನ್ ನಿಸೆನ್‌ಬಾಮ್ 1996ರ ತಮ್ಮ ಗ್ರಂಥದಲ್ಲಿ ಈ ಪಲ್ಲಟವನ್ನು ವಿವರವಾಗಿ ಬರೆದಿದ್ದಾರೆ. ಬಾಗಿಲಿಗೆ ಬರುತ್ತಿದ್ದವರು ಏನಾದರು? ಅವರು ‘ದೀನರು’ ಆದರು. ಅವರಿಗಾಗಿ ಸಂಸ್ಥೆಗಳು ಹುಟ್ಟಿದವು.

ಗ್ಯಾಲರಿಯಿಂದ ನೋಡಿದ ಊಟ

1899ರ ಕ್ರಿಸ್‌ಮಸ್ ದಿನ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಸಾಲ್ವೇಶನ್ ಆರ್ಮಿಯವರು ಸಾವಿರಾರು ಬಡವರಿಗೆ ಊಟ ಹಾಕಿದರು. ಊರಿನ ಉಳ್ಳವರು ಹಣ ತೆತ್ತು ಮೇಲಿನ ಆಸನಗಳಲ್ಲಿ ಕುಳಿತು, ಕೆಳಗೆ ಹಸಿದವರು ಉಣ್ಣುವುದನ್ನು ನೋಡಿದರು! ಅನ್ನ ನಿಜವಾಗಿತ್ತು, ಹಸಿವೂ ನಿಜವಾಗಿತ್ತು. ಆದರೆ ಆ ಎರಡರ ನಡುವೆ ಒಂದು ಟಿಕೆಟ್ಟೂ ಇತ್ತು.

ಅದೇ ಸಂಸ್ಥೆಯ ಕೆಂಪು ಹುಂಡಿ 1891ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ದೋಣಿಗಟ್ಟೆಯಲ್ಲಿ ಹುಟ್ಟಿತು. ಜೋಸೆಫ್ ಮೆಕ್‌ಫೀ ಎಂಬ ಕಾರ್ಯಕರ್ತ ಬಡವರ ಹಬ್ಬದೂಟಕ್ಕಾಗಿ ಒಂದು ಪಾತ್ರೆಯನ್ನು ತೂಗುಹಾಕಿ ಚಿಲ್ಲರೆ ಕೂಡಿಸಿದ. ಇಂದಿಗೂ ಪ್ರತಿ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಆ ಹುಂಡಿಯ ಪಕ್ಕ ಗಂಟೆಯ ಸದ್ದು ಕೇಳುತ್ತದೆ. 1911ರ ಕ್ರಿಸ್‌ಮಸ್ ದಿನ ನಿರ್ಗತಿಕನೊಬ್ಬನನ್ನು ಭೇಟಿಯಾದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಒಡೆಯ ಅಡಾಲ್ಫ್ ಓಕ್ಸ್, 1912ರ ಡಿಸೆಂಬರಿನಲ್ಲಿ ನಗರದ ನೂರು ‘ಅತಿ ದೀನ ಪ್ರಕರಣ’ಗಳನ್ನು ಅಚ್ಚುಹಾಕಿಸಿ ನೆರವು ಕೇಳಿದ. ಮೊದಲ ವರ್ಷ ಸುಮಾರು 3,600 ಡಾಲರ್ ಬಂತು. ಆ ನಿಧಿ ನೂರು ವರ್ಷ ಮೀರಿ ನಡೆದುಬಂದಿದೆ, ಅಸಂಖ್ಯ ಕುಟುಂಬಗಳಿಗೆ ಒದಗಿದೆ. ಇದನ್ನು ಲಘುವಾಗಿ ಕಾಣಲು ನನಗೆ ಮನಸ್ಸಿಲ್ಲ.

ಆದರೆ ವಿದ್ಯಾರ್ಥಿ ಮಿತ್ರರು ಒಂದು ಸಂಗತಿಯನ್ನು ಗಮನಿಸಬೇಕು. ‘ಅತಿ ದೀನ’ರು ಯಾರು ಎಂದು ತೀರ್ಮಾನಿಸಿದವರು ಯಾರು? ನೂರನೆಯವನಿಗೂ ನೂರೊಂದನೆಯವನಿಗೂ ನಡುವೆ ಗೆರೆ ಎಳೆದವರು ಯಾರು? ದಾನದಲ್ಲಿ ಕಾಲವನ್ನು ಕೊಡುವವನು ಆರಿಸುತ್ತಾನೆ. ಪ್ರಮಾಣವನ್ನೂ ಪಾತ್ರನನ್ನೂ ಅವನೇ ಆರಿಸುತ್ತಾನೆ. ಪಡೆಯುವವನಿಗೆ ಉಳಿಯುವುದು ಒಂದೇ ಕೆಲಸ: ತನ್ನ ಕಷ್ಟವನ್ನು ಚೆನ್ನಾಗಿ ಹೇಳುವುದು.

ಗುಡ್ಡದಿಂದ ಹೋದ ಮರ

ರಾಕ್‌ಫೆಲರ್ ಸೆಂಟರಿನ ಕ್ರಿಸ್‌ಮಸ್ ಮರದ ಚಿತ್ರವನ್ನು ನೀವು ನೋಡಿರಬಹುದು. ಅದರ ಮೂಲ ಬಲು ಸೊಗಸಾದದ್ದು. 1931ರ ಮಹಾ ಆರ್ಥಿಕ ಕುಸಿತದ ನಡುವೆ ಆ ಕಟ್ಟಡಗಳ ಕೂಲಿಕಾರರು ತಮ್ಮ ತಮ್ಮಲ್ಲೇ ಹಣ ಕೂಡಿಸಿ, ಸುಮಾರು 20 ಅಡಿಯ ಮರವೊಂದನ್ನು ತಂದು, ಮನೆಯವರು ಕೈಯಾರೆ ಮಾಡಿದ ಮಾಲೆಗಳಿಂದ ಸಿಂಗರಿಸಿದರು. ಸಮಾನರು ಸಮಾನರಿಗೆ ಕೊಟ್ಟುಕೊಂಡ ಹಬ್ಬವದು. 1933ರಿಂದ ಆಡಳಿತವೇ ಮರ ನಿಲ್ಲಿಸಿ ದೀಪ ಹಚ್ಚತೊಡಗಿತು.

ಇಂದು ಅಲ್ಲಿ ನಿಲ್ಲುವುದು ಸಾಮಾನ್ಯವಾಗಿ 70ರಿಂದ 100 ಅಡಿಯ ನಾರ್ವೆ ಸ್ಪ್ರೂಸ್. ಅದಕ್ಕೆ ಸುಮಾರು 50,000 ದೀಪಗಳು. ಮರ ಬರುವುದು ಯಾರದೋ ಊರಿನ ಅಂಗಳದಿಂದ. ಮರದ ಒಡೆಯರಿಗೆ ಬೆಲೆ ಸಿಗುವುದಿಲ್ಲ, ಹೆಮ್ಮೆ ಸಿಗುತ್ತದೆ. 2007ರಿಂದ ಹಬ್ಬ ಮುಗಿದ ಮೇಲೆ ಅದರ ದಿಮ್ಮಿಯನ್ನು ಕೊಯ್ದು ಬಡವರ ಮನೆ ಕಟ್ಟುವ ಸಂಸ್ಥೆಗೆ ನೀಡುತ್ತಿದ್ದಾರೆ, ಒಳ್ಳೆಯ ಕೆಲಸವೇ. 2020ರಲ್ಲಿ ಮರ ಬಂದದ್ದು ಕ್ಯಾಟ್‌ಸ್ಕಿಲ್ ಗುಡ್ಡಗಳ ಅಂಚಿನ ಒನಿಯಾಂಟದಿಂದ. ನಗರದಲ್ಲಿ ಕಟ್ಟು ಬಿಚ್ಚುವಾಗ ಕೊಂಬೆಗಳ ನಡುವೆ ಬಳಲಿದ ಒಂದು ಪುಟ್ಟ ಗೂಬೆ ಸಿಕ್ಕಿತು. ಅದನ್ನು ಉಪಚರಿಸಿ ಮತ್ತೆ ಕಾಡಿಗೆ ಬಿಟ್ಟರು, ಲೋಕವೆಲ್ಲ ಮೆಚ್ಚಿತು.

ಗೂಬೆಗೆ ಸಿಕ್ಕ ಆ ಕರುಣೆ ಅದೇ ಗುಡ್ಡಗಳ ಮನುಷ್ಯರಿಗೆ ಸಿಕ್ಕಿತೇ? ಒಂದು ಮರವನ್ನು ಕೊಟ್ಟಾಗ ದೀಪ ಹಚ್ಚಿ ಸಂಭ್ರಮಿಸುವ ನಗರ, ಇಡೀ ಕಣಿವೆಗಳನ್ನು ಪಡೆದಾಗ ಏನು ಮಾಡಿತು?

ಮುಳುಗಿದ ಕಣಿವೆಗಳು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿಗೆ ನೀರು ಸಾಲದಾಯಿತು. 1905ರ ಕಾಯ್ದೆಯ ಬಲದಿಂದ ನಗರವು ಕ್ಯಾಟ್‌ಸ್ಕಿಲ್ ಗುಡ್ಡಗಳಿಗೆ ಕೈಚಾಚಿತು. 1907ರಲ್ಲಿ ಇಸೋಪಸ್ ಹೊಳೆಗೆ ಅಶೋಕನ್ ಅಣೆಕಟ್ಟಿನ ಕೆಲಸ ಆರಂಭವಾಯಿತು. ಸುಮಾರು 2,000 ಜನ ಒಕ್ಕಲೆದ್ದರು. ಬದುಕಿದ್ದವರಷ್ಟೇ ಅಲ್ಲ, ಸತ್ತವರೂ ಏಳಬೇಕಾಯಿತು: ಸಾವಿರಾರು ಸಮಾಧಿಗಳನ್ನು ಅಗೆದು ಬೇರೆಡೆಗೆ ಸಾಗಿಸಿದರು. ಹೊಲ, ತೋಟ, ಗಿರಣಿ, ಇಗರ್ಜಿ, ಶಾಲೆ ಎಲ್ಲವೂ ನೀರಿನಡಿ ಸೇರಿದವು. ಪರಿಹಾರದ ದಾವೆಗಳು ವರ್ಷಗಟ್ಟಲೆ ಎಳೆದಾಡಿದವು. ಮುಂದೆ ಡೆಲಾವೇರ್ ಕಣಿವೆಯ ಸರದಿ. 1964ರಲ್ಲಿ ಕ್ಯಾನನ್ಸ್‌ವಿಲ್ ಜಲಾಶಯ ತುಂಬಿದಾಗ ಈ ಸರಣಿ ಮುಗಿಯಿತು. 1964! ನಮ್ಮ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದೂ ಅದೇ ವರ್ಷ. ಶರಾವತಿಯ ಮುಳುಗಡೆ ಸಂತ್ರಸ್ತರ ಬಳಿ ಹೋಗಿ ಕೇಳಿ. ಭೂಮಿಯ ಹಕ್ಕುಪತ್ರದ ಕತೆ ಎಷ್ಟು ತಲೆಮಾರು ನಡೆದಿದೆ ಎಂದು ಅವರೇ ಹೇಳುತ್ತಾರೆ.

ಇಂದು ನ್ಯೂಯಾರ್ಕಿನ ನೀರಿನಲ್ಲಿ ಶೇಕಡ 90ರಷ್ಟು ಕ್ಯಾಟ್‌ಸ್ಕಿಲ್ ಮತ್ತು ಡೆಲಾವೇರ್ ಜಲಾನಯನದ್ದು. 200 ಕಿಲೋಮೀಟರ್ ದೂರದಿಂದಲೂ ಬರುವ ಆ ನೀರಿನ ಬಹುಪಾಲು ಇಳಿಜಾರಿನ ಬಲದಿಂದಲೇ ಹರಿದು ನಗರ ಸೇರುತ್ತದೆ. ಕೆಂಪು ಹುಂಡಿಯ ಹಣದಿಂದ ಬೇಯುವ ಸೂಪಿನಲ್ಲೂ ಇರುವುದು ಮುಳುಗಿದ ಊರುಗಳ ನೀರೇ.

ಗುಡ್ಡಗಳು ಬಾಯಿ ತೆರೆದಾಗ

ಈ ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. 1990ರ ಸುಮಾರಿಗೆ ಅಮೆರಿಕದ ಹೊಸ ನಿಯಮಗಳು ನ್ಯೂಯಾರ್ಕಿಗೆ ಎರಡು ದಾರಿ ತೋರಿಸಿದವು: ಒಂದೋ ನೀರನ್ನು ಸೋಸುವ ಬೃಹತ್ ಸ್ಥಾವರ ಕಟ್ಟಬೇಕು, ಇಲ್ಲವೇ ಜಲಾನಯನವನ್ನೇ ಶುದ್ಧವಾಗಿಡಬೇಕು. ಸ್ಥಾವರದ ಅಂದಾಜು ವೆಚ್ಚ 600 ಕೋಟಿ ಡಾಲರಿಗೂ ಮೇಲೆ. ನಗರವು ಮೊದಲು ಹಿಡಿದದ್ದು ಹಳೆಯ ಚಾಳಿಯನ್ನೇ: ಗುಡ್ಡದ ರೈತರ ಮೇಲೆ ಕಠಿಣ ಕಟ್ಟಳೆಗಳ ಕರಡು ಹೊರಡಿಸಿತು. ಹೈನುಗಾರರು ಸಿಡಿದೆದ್ದರು. ಜಲಾನಯನದ ಪಟ್ಟಣಗಳು ಒಕ್ಕೂಟ ಕಟ್ಟಿ ನ್ಯಾಯಾಲಯಕ್ಕೆ ಹೋದವು. ಆಗ ನಗರ ಮಾತುಕತೆಗೆ ಕುಳಿತಿತು.

ಕೃಷಿ ವಿಜ್ಞಾನದ ವಿದ್ಯಾರ್ಥಿಗಳು ಮುಂದಿನದನ್ನು ಗಮನವಿಟ್ಟು ಓದಬೇಕು. ದನಗಳ ಸಗಣಿ ಹಳ್ಳಕ್ಕೆ ಸೇರಿದರೆ ರಂಜಕ ಹೆಚ್ಚಿ ಜಲಾಶಯದಲ್ಲಿ ಪಾಚಿ ಬೆಳೆಯುತ್ತದೆ. ಎಳೆಗರುಗಳ ಸಗಣಿಯಿಂದ ಕ್ರಿಪ್ಟೊಸ್ಪೊರಿಡಿಯಮ್‌ನಂಥ ರೋಗಾಣು ನೀರಿಗಿಳಿಯುತ್ತದೆ. ಪರಿಹಾರವೆಂದು ರೈತನನ್ನು ಎಬ್ಬಿಸಲಿಲ್ಲ. ಪ್ರತಿ ಜಮೀನಿಗೂ ಒಂದು ಸಮಗ್ರ ಯೋಜನೆ ಬರೆದರು: ಗೊಬ್ಬರ ಸಂಗ್ರಹದ ಕಟ್ಟೆ, ಕರುಗಳಿಗೆ ಪ್ರತ್ಯೇಕ ಕೊಟ್ಟಿಗೆ, ಹೊಳೆಯಂಚಿಗೆ ಬೇಲಿ, ದಂಡೆಯ ಮೇಲೆ ಗಿಡಮರಗಳ ಪಟ್ಟಿ. ಖರ್ಚು ನಗರದ್ದು. ಯೋಜನೆಗೆ ಸೇರುವುದು ರೈತನ ಇಚ್ಛೆಗೆ ಬಿಟ್ಟದ್ದು. ಆದರೆ ಐದು ವರ್ಷದೊಳಗೆ ಶೇಕಡ 85ರಷ್ಟು ರೈತರು ಸೇರಬೇಕೆಂಬ ಗುರಿ. ಇದನ್ನು ನಡೆಸಲು 1993ರಲ್ಲಿ ರೈತರೇ ಮುಂದಾಳುಗಳಾಗಿರುವ ಜಲಾನಯನ ಕೃಷಿ ಮಂಡಳಿ ಸ್ಥಾಪನೆಯಾಯಿತು.

1997ರ ಜನವರಿಯಲ್ಲಿ ನಗರ, ರಾಜ್ಯ, ಕೇಂದ್ರ, ಗುಡ್ಡದ ಪಟ್ಟಣಗಳು ಮತ್ತು ಪರಿಸರ ಸಂಘಟನೆಗಳು ಒಡಂಬಡಿಕೆಗೆ ಸಹಿ ಹಾಕಿದವು. ಮಾರಲು ಒಪ್ಪಿದವರಿಂದ ಮಾತ್ರ ನಗರ ಭೂಮಿ ಕೊಳ್ಳಬೇಕು, ಅದಕ್ಕೆ ಸ್ಥಳೀಯ ತೆರಿಗೆ ಕಟ್ಟಬೇಕು. ಮನೆಗಳ ಮಲಗುಂಡಿ ದುರಸ್ತಿಗೂ ಊರಿನ ಉದ್ಯಮಗಳಿಗೂ ನಗರದ ಹಣ. ಆ ಹಣವನ್ನು ನಿರ್ವಹಿಸುವ ಕ್ಯಾಟ್‌ಸ್ಕಿಲ್ ಜಲಾನಯನ ನಿಗಮದ ಮಂಡಳಿಯಲ್ಲಿ 15 ಸ್ಥಾನ. ಅದರಲ್ಲಿ 12 ಗುಡ್ಡದವರದ್ದು, ನ್ಯೂಯಾರ್ಕ್ ನಗರದ್ದು ಒಂದು. ಮತ್ತೊಮ್ಮೆ ಓದಿ: ಕೊಡುವವನಿಗೆ ಒಂದು ಕುರ್ಚಿ, ಪಡೆಯುವವನಿಗೆ ಹನ್ನೆರಡು!

ಒಡಂಬಡಿಕೆ ಪರಿಪೂರ್ಣವಲ್ಲ. ಭೂಮಿ ಕೊಳ್ಳುವಿಕೆಯಿಂದ ಊರಿನ ಬೆಳವಣಿಗೆ ಕುಂಠಿತವಾಯಿತೆಂಬ ದೂರು ಗುಡ್ಡದ ಪಟ್ಟಣಗಳಲ್ಲಿ ಇದೆ. ಮುಳುಗಿದ ಊರು ಮರಳಿ ಬರುವುದಿಲ್ಲ. ಆದರೂ ಮ್ಯಾಡಿಸನ್ ಸ್ಕ್ವೇರಿನ ಗ್ಯಾಲರಿಗೂ ಈ ಮಂಡಳಿಗೂ ಇರುವ ಅಂತರವೇ ದಾನಕ್ಕೂ ಋಣಕ್ಕೂ ಇರುವ ಅಂತರ.

ಎರಡು ಆಕ್ಷೇಪಗಳು

‘ಒಡಂಬಡಿಕೆಯಲ್ಲಿ ಔದಾರ್ಯವೆಲ್ಲಿದೆ? ನಗರ ತನ್ನ ಹಣ ಉಳಿಸಿಕೊಂಡಿತಷ್ಟೆ’ ಎನ್ನುವವರುಂಟು. ನಿಜ. ಅದಕ್ಕೇ ಅದು ಉಳಿದಿದೆ. ಔದಾರ್ಯ ಜನವರಿ ಎರಡಕ್ಕೆ ಆರಿಹೋಗುತ್ತದೆ. ಬಾಯಾರಿಕೆ ವರ್ಷವಿಡೀ ಇರುತ್ತದೆ.

‘ಹಸಿದವನಿಗೆ ಅನ್ನ ಹಾಕುವಾಗ ತತ್ತ್ವ ಮಾತಾಡುವುದು ಕ್ರೌರ್ಯ’ ಎಂಬುದು ಇನ್ನೊಂದು ಮಾತು. ಇದಕ್ಕೂ ಒಪ್ಪಿಗೆಯಿದೆ. ಹಸಿದವನು ಉಣ್ಣಲಿ, ಚಳಿಯಲ್ಲಿರುವವನು ಹೊದೆಯಲಿ. ಹಬ್ಬದ ಹುಂಡಿಗೆ ಕಾಸು ಹಾಕುವ ಬಡ ಕೂಲಿಕಾರನ ಕೈಯನ್ನು ನಾನು ತಡೆಯುವುದಿಲ್ಲ. ನನ್ನ ಜಗಳ ಆ ಕಾಸಿನೊಂದಿಗಲ್ಲ, ಆ ಕಾಸನ್ನು ರಸೀದಿಯಂತೆ ತೋರಿಸಿ ‘ಲೆಕ್ಕ ಚುಕ್ತಾ’ ಎನ್ನುವ ನಗರದೊಂದಿಗೆ.

ನಾವು ಕೇಳಬೇಕಾದದ್ದು

2019ರಲ್ಲಿ ಲಿಂಗನಮಕ್ಕಿಯಿಂದ ಬೆಂಗಳೂರಿಗೆ ನೀರು ಒಯ್ಯುವ ಪ್ರಸ್ತಾಪ ಬಂದಾಗ ಮಲೆನಾಡು ಬೀದಿಗಿಳಿದು ‘ಬೇಡ’ ಎಂದಿತು. ಬಯಲುಸೀಮೆಗೆ ನೀರೊಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ ನಮ್ಮ ವಿರೋಧದ ನಡುವೆಯೇ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ‘ಬೇಡ’ ಎನ್ನುವ ಹಕ್ಕು ನಮ್ಮದು, ಅದನ್ನು ಬಿಡಬಾರದು. ಆದರೆ ಈಗಾಗಲೇ ಹರಿದುಹೋದ ನೀರಿನ, ಹೋದ ವಿದ್ಯುತ್ತಿನ, ಮುಳುಗಿದ ಕಾಡಿನ ಲೆಕ್ಕ ಕೇಳುವ ಹಕ್ಕೂ ನಮ್ಮದೇ.

ಆದ್ದರಿಂದ ಮುಂದಿನ ಡಿಸೆಂಬರಿನಲ್ಲಿ ನಗರದಿಂದ ಕೊಡುಗೆಯ ಚೀಲ ಬಂದರೆ ಅದನ್ನು ತಿರಸ್ಕರಿಸಬೇಡಿ. ಮಲೆನಾಡಿನ ಮನೆಯಲ್ಲಿ ಅತಿಥಿಗೆ ಬೆಲ್ಲ-ನೀರು ಕೊಡುವ ಪದ್ಧತಿ ಇದೆ, ಕೊಡಿ. ಆಮೇಲೆ ಕುಳ್ಳಿರಿಸಿ ಕೇಳಿ: ನಿಮ್ಮ ನೀರಿನ ಬಿಲ್ಲಿನಲ್ಲಿ, ವಿದ್ಯುತ್ತಿನ ಬಿಲ್ಲಿನಲ್ಲಿ ಈ ಕಣಿವೆಯ ಪಾಲೆಷ್ಟು? ಆ ಪಾಲನ್ನು ಹಂಚುವ ಮಂಡಳಿಯಲ್ಲಿ ನಮ್ಮ ಗ್ರಾಮಸಭೆಗೆ ಎಷ್ಟು ಕುರ್ಚಿ? ಸೊಪ್ಪಿನಬೆಟ್ಟ ಉಳಿಸಿಕೊಂಡ ರೈತನಿಗೆ, ಹಳ್ಳದ ದಂಡೆಯಲ್ಲಿ ಮರ ಕಾಯ್ದವನಿಗೆ ವರ್ಷಕ್ಕಿಷ್ಟು ಎಂದು ಬರೆದುಕೊಡುವಿರಾ? ಮುಳುಗಡೆಯವರ ಹಕ್ಕುಪತ್ರಕ್ಕೆ ನಗರದಿಂದಲೂ ದನಿಯೆತ್ತುವಿರಾ?

ಶಾಲೆ-ಕಾಲೇಜುಗಳ ಮಿತ್ರರು ತಮ್ಮೂರಿನ ಹಳ್ಳದಿಂದಲೇ ಈ ಕೆಲಸ ಆರಂಭಿಸಬಹುದು. ಅದು ಎಲ್ಲಿ ಹುಟ್ಟುತ್ತದೆ, ಬೇಸಿಗೆಯಲ್ಲಿ ಎಷ್ಟು ಹರಿಯುತ್ತದೆ, ಎಲ್ಲಿಗೆ ಹೋಗಿ ಯಾರ ಮನೆಯ ನಲ್ಲಿಯಲ್ಲಿ, ಯಾರ ಬೀದಿಯ ದೀಪದಲ್ಲಿ ಮುಗಿಯುತ್ತದೆ ಎಂದು ಬರೆದಿಡಿ. ಕ್ಯಾಟ್‌ಸ್ಕಿಲ್ಲಿನ ಹೈನುಗಾರರು ಮಾತುಕತೆಯ ಮೇಜಿಗೆ ಬರಿಗೈಯಲ್ಲಿ ಹೋಗಲಿಲ್ಲ. ತಮ್ಮ ಹೊಲದ, ತಮ್ಮ ಹೊಳೆಯ ತಿಳಿವಳಿಕೆಯನ್ನು ಹಿಡಿದು ಹೋದರು. ಲೆಕ್ಕ ನಮ್ಮ ಕೈಯಲ್ಲಿದ್ದರೆ ಮಾತ್ರ ಋಣವೆಂಬ ಮಾತಿಗೆ ತೂಕ ಬರುತ್ತದೆ.