ಅದು ಚಂದಕ್ಕೆ ಮಾಡಿಸೋ ಆಪರೇಷನ್ ಅಲ್ಲ

ಬೋಟಾಕ್ಸ್ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಹಣೆಯ ಸುಕ್ಕು, ಸಿನಿಮಾದವರ ಮುಖ, ದುಡ್ಡಿದ್ದವರ ಶೋಕಿ. ಆದರೆ ಆ ಔಷಧಿ ಹುಟ್ಟಿದ್ದು ಸುಕ್ಕಿಗಾಗಿ ಅಲ್ಲ. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಆಲನ್ ಸ್ಕಾಟ್ ಹುಡುಕುತ್ತಿದ್ದದ್ದು ಮೆಳ್ಳೆಗಣ್ಣಿಗೆ ಕತ್ತರಿ ಹಾಕದೆ ಕೊಡಬಹುದಾದ ಒಂದು ಚಿಕಿತ್ಸೆಯನ್ನು. ಜೋರಾಗಿ ಎಳೆಯುತ್ತಿರುವ ಸ್ನಾಯುವನ್ನು ಸ್ವಲ್ಪ ದಿನ ಸಡಿಲ ಮಾಡಿದರೆ ಕಣ್ಣು ನೇರಕ್ಕೆ ಬಂದೀತು ಅನ್ನೋದು ಅವರ ಲೆಕ್ಕ. 1989ರಲ್ಲಿ ಅಮೆರಿಕದ ಎಫ್‌ಡಿಎ ಮೊದಲು ಒಪ್ಪಿಗೆ ಕೊಟ್ಟದ್ದು ಮೆಳ್ಳೆಗಣ್ಣಿಗೆ ಮತ್ತು ರೆಪ್ಪೆಯ ಸೆಳೆತಕ್ಕೆ. ಹುಬ್ಬುಗಳ ನಡುವಿನ ಗೆರೆಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ.

ಈಗ ನೋಡಿ ವಿಚಿತ್ರ. ಕಾಯಿಲೆಗೆಂದು ಬಂದ ಔಷಧಿ ಚಂದದ ಅಂಗಡಿ ಸೇರಿತು. ಆ ಕಾಯಿಲೆಯನ್ನೂ ನಾವು ಅದೇ ಅಂಗಡಿಗೆ ತಳ್ಳಿಬಿಟ್ಟೆವು. ಮೆಳ್ಳೆಗಣ್ಣಿನ ಆಪರೇಷನ್ ಅಂದರೆ "ಅಯ್ಯೋ, ಅದು ಬರೀ ಚಂದಕ್ಕೆ ಅಲ್ವಾ?" ಅಂತಾರೆ. ಮನೆಯವರೂ ಅಂತಾರೆ, ಕೆಲವೊಮ್ಮೆ ಇನ್ಶೂರೆನ್ಸ್‌ನವರೂ ಅಂತಾರೆ. ಈ ಒಂದು ಮಾತಿಗೆ ಮಕ್ಕಳ ದೃಷ್ಟಿ ಹೋಗುತ್ತಿದೆ, ದೊಡ್ಡವರ ಬದುಕು ಮುದುಡುತ್ತಿದೆ. ಆ ಮಾತು ಸುಳ್ಳು. ಯಾಕೆ ಸುಳ್ಳು ಅಂತ ನಿಮಗೆ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರು ಸರಿಮಾಡಿಕೊಳ್ಳೋಣ

ಇಲ್ಲೇ ಹುಟ್ಟಿ ಬೆಳೆದವರಿಗೆ: ಒಂದು ಕಣ್ಣು ನೇರ ನೋಡುತ್ತಿರುವಾಗ ಇನ್ನೊಂದು ಒಳಕ್ಕೋ ಹೊರಕ್ಕೋ ಮೇಲಕ್ಕೋ ಕೆಳಕ್ಕೋ ಸರಿದಿದ್ದರೆ ಅದನ್ನು ಕನ್ನಡದಲ್ಲಿ ಮೆಳ್ಳೆಗಣ್ಣು ಅಂತಾರೆ. ಮಾಲುಗಣ್ಣು ಅನ್ನೋರೂ ಇದ್ದಾರೆ. ಊರಿನಿಂದ ಬಂದವರಿಗೆ: ನಾವು "ಸ್ಕ್ವಿಂಟ್" ಅಂತೀವಲ್ಲ, ಆ ಪದವನ್ನು ಅಮೆರಿಕದ ಡಾಕ್ಟರ ಮುಂದೆ ಬಳಸುವಾಗ ಜೋಪಾನ. ಬ್ರಿಟನ್ನಿನಲ್ಲಿ ಅದಕ್ಕೆ ನಮ್ಮ ಅರ್ಥವೇ ಇದೆ. ಅಮೆರಿಕದಲ್ಲಿ ಸ್ಕ್ವಿಂಟ್ ಅಂದರೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡುವುದು. "ನನ್ನ ಮಗಳಿಗೆ ಸ್ಕ್ವಿಂಟ್ ಇದೆ" ಅಂತ ನೀವು ಹೇಳಿದರೆ ಅವರು ಬೇರೆಯದನ್ನೇ ಬರೆದುಕೊಳ್ಳಬಹುದು. "ಸ್ಟ್ರಬಿಸ್ಮಸ್" ಅನ್ನಿ.

"ಲೇಜಿ ಐ" ಅನ್ನೋದು ಇನ್ನೊಂದು ಗೊಂದಲ. ಅದು ಕಣ್ಣು ವಾಲುವುದಕ್ಕಿರುವ ಹೆಸರಲ್ಲ. ಒಂದು ಕಣ್ಣಿನ ನೋಟ ಮಿದುಳಿನಲ್ಲಿ ಸರಿಯಾಗಿ ಬೆಳೆಯದೇ ಇರುವುದಕ್ಕಿರುವ ಹೆಸರು, ಡಾಕ್ಟರ ಭಾಷೆಯಲ್ಲಿ ಆಂಬ್ಲಿಯೋಪಿಯಾ. ಮೆಳ್ಳೆಗಣ್ಣು ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು. ಚಂದದ ಮಾತು ಮುರಿದುಬೀಳುವುದು ಇಲ್ಲಿಯೇ.

ಜೋಡೆತ್ತು ಮತ್ತು ನೊಗ

ಒಂದೊಂದು ಕಣ್ಣಿಗೂ ಆರು ಸ್ನಾಯು. ಎರಡು ಕಣ್ಣಿಗೆ ಹನ್ನೆರಡು. ನೀವು ಈ ಸಾಲು ಓದುವಾಗ ಅವೆಲ್ಲ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಜೊತೆಜೊತೆಗೆ ಹೆಜ್ಜೆ ಹಾಕಬೇಕು. ಮಕ್ಕಳ ಮೆಳ್ಳೆಗಣ್ಣಿನಲ್ಲಿ ಬಹಳ ಸಲ ಸ್ನಾಯು ಗಟ್ಟಿಯಾಗಿಯೇ ಇರುತ್ತೆ. ಎರಡನ್ನೂ ಜೋಡಿಯಾಗಿ ಓಡಿಸುವ ಮಿದುಳಿನ ಹಿಡಿತ ತಪ್ಪಿರುತ್ತೆ.

ಹಿಡಿತ ತಪ್ಪಿದಾಗ ಎರಡು ಕಣ್ಣು ಎರಡು ಚಿತ್ರ ಕಳಿಸುತ್ತವೆ. ದೊಡ್ಡವರಿಗೆ ಹೀಗಾದರೆ ಎಲ್ಲವೂ ಎರಡೆರಡಾಗಿ ಕಾಣುತ್ತೆ. ಮಗುವಿನ ಮಿದುಳು ಜಾಣ. ಒಂದು ಕಣ್ಣಿನ ಚಿತ್ರವನ್ನು ಪಕ್ಕಕ್ಕೆ ತಳ್ಳಿಬಿಡುತ್ತೆ. ಮಗುವಿಗೆ ನೋವಿಲ್ಲ, ದೂರಿಲ್ಲ. ಆದರೆ ಪಕ್ಕಕ್ಕೆ ತಳ್ಳಿಸಿಕೊಂಡ ಕಣ್ಣು ನೋಡೋದನ್ನು ಕಲಿಯೋದೇ ಇಲ್ಲ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಎಳೆಯದರಲ್ಲೇ ಮುಚ್ಚಿ ನೋಡಿದರು. ಆಮೇಲೆ ಕಣ್ಣು ತೆರೆದರೂ ಮಿದುಳು ಆ ಕಣ್ಣಿಗೆ ಜಾಗ ಕೊಡಲಿಲ್ಲ. ದೃಷ್ಟಿಯ ಕುರಿತ ಅವರ ಕೆಲಸಕ್ಕೆ 1981ರಲ್ಲಿ ನೊಬೆಲ್ ಬಂತು. ನಮಗೆ ಅದರ ಅರ್ಥ ಇಷ್ಟೇ: ಮಗುವಿನ ಕಣ್ಣಿಗೆ ಒಂದು ಗಡುವು ಇದೆ.

ಆ ಗಡುವು ಒಂದೇ ದಿನಕ್ಕೆ ಮುಗಿಯುವುದಿಲ್ಲ ಅನ್ನೋದೂ ನಿಜ. ಏಳರಿಂದ ಹನ್ನೆರಡು ವರ್ಷದ ಮಕ್ಕಳಲ್ಲೂ ಕೆಲವರಿಗೆ ಚಿಕಿತ್ಸೆಯಿಂದ ನೋಟ ಸುಧಾರಿಸುತ್ತೆ ಅಂತ ಅಮೆರಿಕದ ದೊಡ್ಡ ಪ್ರಯೋಗಗಳು ತೋರಿಸಿವೆ. ಆದರೂ ಬೇಗ ಶುರು ಮಾಡಿದಷ್ಟೂ ಫಲ ಹೆಚ್ಚು. "ಇನ್ನೂ ಟೈಮಿದೆ" ಅಂತ ಕೂರುವುದಕ್ಕೆ ಇದು ಸಬೂಬಲ್ಲ.

ದೃಷ್ಟಿ ತೆಗೆಯೋದು, ದೃಷ್ಟಿ ನೋಡಿಸೋದು

ಈಗ ನಮ್ಮ ಮನೆಗಳ ಮಾತಿಗೆ ಬರೋಣ. ವೀಡಿಯೋ ಕಾಲಿನಲ್ಲಿ ಮಗುವಿನ ಮುಖ ನೋಡಿ ಊರಿನ ಹಿರಿಯರು ಮೂರರಲ್ಲಿ ಒಂದು ಮಾತು ಹೇಳ್ತಾರೆ. "ಬೆಳೀತಾ ಬೆಳೀತಾ ಸರಿಹೋಗುತ್ತೆ." "ಮೆಳ್ಳೆಗಣ್ಣು ಅದೃಷ್ಟ ಕಣೇ, ಬಿಡು." "ಮುಂದೆ ಮದುವೆ ಹೊತ್ತಿಗೆ ಮಾಡಿಸಿದರಾಯ್ತು." ಪ್ರೀತಿಯಿಂದಲೇ ಹೇಳ್ತಾರೆ. ಆದರೆ ಸಂಜೆ ಆದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಮಗುವಿಗೆ ದೃಷ್ಟಿ ತೆಗೆಯುವ ನಾವು, ಅದೇ ಮಗುವಿನ ದೃಷ್ಟಿಯನ್ನು ಡಾಕ್ಟರಿಗೆ ತೋರಿಸಲು ಮೀನಮೇಷ ಎಣಿಸುತ್ತೇವೆ.

ಮೊದಲ ಮಾತಿನಲ್ಲಿ ಒಂದು ಚೂರು ಸತ್ಯ ಇದೆ, ಅದಕ್ಕೇ ಅದು ಅಪಾಯಕಾರಿ. ಹುಟ್ಟಿದ ಮೊದಲ ಕೆಲವು ತಿಂಗಳು ಕೂಸಿನ ಕಣ್ಣು ಆಗಾಗ ಅತ್ತಿತ್ತ ಹೋಗುವುದು ಸಾಮಾನ್ಯ. ಮೂಗಿನ ಬುಡ ಅಗಲ ಇದ್ದರೆ ಕಣ್ಣು ನೇರವಿದ್ದರೂ ವಾಲಿದ ಹಾಗೆ ಕಾಣುತ್ತೆ. ಮೂಗು ಬೆಳೆದ ಮೇಲೆ ಆ ಭ್ರಮೆ ಹೋಗುತ್ತೆ. ಆದರೆ ನಾಲ್ಕು ತಿಂಗಳಾದ ಮೇಲೂ ಕಣ್ಣು ವಾಲುತ್ತಿದ್ದರೆ, ಅದು ಭ್ರಮೆಯೋ ನಿಜವೋ ಅಂತ ತೀರ್ಮಾನಿಸಬೇಕಾದವರು ಅಜ್ಜಿಯೂ ಅಲ್ಲ, ನೀವೂ ಅಲ್ಲ, ಕಣ್ಣಿನ ಡಾಕ್ಟರು. ಇನ್ನೊಂದು ವಿಷಯ ಹೇಳಲೇಬೇಕು. ರೆಟಿನೋಬ್ಲಾಸ್ಟೋಮಾ ಅಂತ ಎಳೆ ಮಕ್ಕಳ ಕಣ್ಣಿಗೆ ಬರುವ ಕ್ಯಾನ್ಸರ್ ಇದೆ. ಅಪರೂಪದ್ದು. ಪಾಪೆ ಬಿಳಿಯಾಗಿ ಹೊಳೆಯುವುದನ್ನು ಬಿಟ್ಟರೆ ಅದರಲ್ಲಿ ಅತಿ ಹೆಚ್ಚಾಗಿ ಕಾಣುವ ಲಕ್ಷಣ ಮೆಳ್ಳೆಗಣ್ಣೇ. ಅದೃಷ್ಟ ಅಂತ ಸುಮ್ಮನಿರುವ ಮುಂಚೆ ಇದು ನೆನಪಿರಲಿ.

ಮೂರನೇ ಮಾತಿನ ಬಗ್ಗೆ ನನಗೆ ಹೆಚ್ಚು ಸಿಟ್ಟು. ಹುಡುಗಿಗೆ ಮೂರು ವರ್ಷ ಇದ್ದಾಗ ಕಣ್ಣು ವಾಲಿದೆ ಅಂತ ಎಲ್ಲರಿಗೂ ಗೊತ್ತು. ಯಾರೂ ಏನೂ ಮಾಡೋಲ್ಲ. ಶಾಲೆಯಲ್ಲಿ ಅಡ್ಡಹೆಸರು ಕರೀತಾರೆ, ಸಿನಿಮಾಗಳಲ್ಲಿ ಅದೇ ಕಣ್ಣನ್ನು ತೋರಿಸಿ ನಗಿಸ್ತಾರೆ, ಯಾರೂ ಏನೂ ಮಾಡೋಲ್ಲ. ಇಪ್ಪತ್ನಾಲ್ಕಕ್ಕೆ ಗಂಡು ನೋಡೋಕೆ ಶುರು ಮಾಡಿದಾಗ ಮಾತ್ರ ಎಲ್ಲರಿಗೂ ಅವಸರ. ಅಷ್ಟು ಹೊತ್ತಿಗೆ ಆ ಕಣ್ಣು ನೋಡೋದನ್ನು ಕಲಿಯುವ ಕಾಲ ಬಹುಮಟ್ಟಿಗೆ ಮುಗಿದಿರುತ್ತೆ. ದೃಷ್ಟಿ ಉಳಿಸಬಹುದಾಗಿದ್ದ ಚಿಕಿತ್ಸೆಯನ್ನು ಇಪ್ಪತ್ತು ವರ್ಷ ತಡ ಮಾಡಿ, ಆಮೇಲೆ "ನೋಡಿ, ಚಂದಕ್ಕೆ ಮಾಡಿಸಿದ್ದು" ಅನ್ನೋದು! ಚಂದಕ್ಕೆ ಮಾಡಿದ್ದು ನಾವು, ಡಾಕ್ಟರಲ್ಲ.

ಆಪರೇಷನ್ ಅಂದರೆ ಏನು

ಮೊದಲು ಒಂದು ಎಚ್ಚರಿಕೆ: ಎಲ್ಲ ಮೆಳ್ಳೆಗಣ್ಣಿಗೂ ಆಪರೇಷನ್ ಬೇಕಿಲ್ಲ. ಹೆಚ್ಚು ಪ್ಲಸ್ ಪವರ್ ಇರುವ ಎಷ್ಟೋ ಮಕ್ಕಳಿಗೆ ಕನ್ನಡಕ ಹಾಕಿದರೆ ಸಾಕು, ಕಣ್ಣು ನೇರವಾಗುತ್ತೆ. ನೋಟ ಮಂದವಾಗಿದ್ದರೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪ್ಯಾಚ್ ಹಾಕುವುದೋ ಅಟ್ರೋಪಿನ್ ಹನಿ ಬಿಡುವುದೋ ಆಗಬೇಕು. ಆ ಕೆಲಸವನ್ನು ಆಪರೇಷನ್ ಮಾಡಲಾರದು. ಆಪರೇಷನ್ ಕಣ್ಣುಗಳನ್ನು ಜೋಡಿಗೆ ತರುತ್ತೆ, ಅಷ್ಟೇ. ಆದರೆ ಆ "ಅಷ್ಟೇ" ಸಣ್ಣದಲ್ಲ.

ಹದಿನೆಂಟನೇ ಶತಮಾನದಲ್ಲಿ ಜಾನ್ ಟೇಲರ್ ಅಂತ ಒಬ್ಬ ಇಂಗ್ಲಿಷ್ ವೈದ್ಯ ಊರೂರು ಸುತ್ತಿ ಮೆಳ್ಳೆಗಣ್ಣು ವಾಸಿ ಮಾಡ್ತೀನಿ ಅಂತ ಡಂಗುರ ಹೊಡೆಸುತ್ತಿದ್ದ. ಅವನ ಕಾಲದವರು ಬರೆದಿಟ್ಟ ಪ್ರಕಾರ ಅವನ ತಂತ್ರ ಇದು: ವಾಲಿದ ಕಣ್ಣಿನ ಮೇಲ್ಪೊರೆಯನ್ನು ಚೂರು ಕತ್ತರಿಸಿ, ಒಳ್ಳೆಯ ಕಣ್ಣಿಗೆ ಬಟ್ಟೆ ಕಟ್ಟುವುದು. ಒಳ್ಳೆಯದು ಮುಚ್ಚಿದಾಗ ವಾಲಿದ್ದು ತಾನಾಗೇ ನೇರ ನೋಡುತ್ತೆ. ಜನ ಚಪ್ಪಾಳೆ ತಟ್ಟುತ್ತಾರೆ, ಬಟ್ಟೆ ಬಿಚ್ಚುವ ಮುಂಚೆ ಟೇಲರ್ ಊರು ಬಿಟ್ಟಿರುತ್ತಾನೆ. ಚಂದಕ್ಕೆ ಮಾಡೋದು ಅಂದರೆ ಅದು.

ನಿಜವಾದ ಶಸ್ತ್ರಚಿಕಿತ್ಸೆ ಶುರುವಾದದ್ದು 1839ರಲ್ಲಿ, ಬರ್ಲಿನ್ನಿನಲ್ಲಿ. ಯೋಹಾನ್ ಡೀಫೆನ್‌ಬಾಖ್ ಏಳು ವರ್ಷದ ಹುಡುಗನೊಬ್ಬನ ಕಣ್ಣಿನ ಒಳಬದಿಯ ಸ್ನಾಯುವನ್ನು ಕತ್ತರಿಸಿ ಕಣ್ಣು ನೇರ ಮಾಡಿದರು. ಇವತ್ತು ಸುಮ್ಮನೆ ಕತ್ತರಿಸಿ ಬಿಡುವುದಿಲ್ಲ, ಅಳೆಯುತ್ತಾರೆ. ಜೋರಾಗಿ ಎಳೆಯುವ ಸ್ನಾಯುವನ್ನು ಬಿಡಿಸಿ ಹಿಂದಕ್ಕೆ ಹೊಲಿಯುತ್ತಾರೆ, ಇಲ್ಲವೇ ಸಡಿಲ ಇರುವುದನ್ನು ಸ್ವಲ್ಪ ಕತ್ತರಿಸಿ ಬಿಗಿ ಮಾಡುತ್ತಾರೆ. ವಾಲಿಕೆಯನ್ನು ಪ್ರಿಸಂ ಡಯಾಪ್ಟರ್ ಅನ್ನೋ ಮಾನದಲ್ಲಿ ಅಳೆಯುತ್ತಾರೆ. ಸರ್ಜನ್‌ಗಳು ಬಳಸುವ ಒಂದು ಕೋಷ್ಟಕದ ಪ್ರಕಾರ ಕಣ್ಣು ಒಳಕ್ಕೆ 30ರಷ್ಟು ವಾಲಿದ್ದರೆ ಎರಡೂ ಕಣ್ಣಿನ ಒಳ ಸ್ನಾಯು ತಲಾ 4.5 ಮಿಲಿಮೀಟರ್ ಹಿಂದಕ್ಕೆ, 40 ಆದರೆ 5.5. ಅರ್ಧ ಮಿಲಿಮೀಟರಿಗೆ ಲೆಕ್ಕ ಇಡುವ ಕೆಲಸ ಇದು. "ಕಣ್ಣುಗುಡ್ಡೆ ಹೊರಗೆ ತೆಗೆದು ಇಡ್ತಾರಂತೆ" ಅನ್ನೋದು ಶುದ್ಧ ಕಟ್ಟುಕಥೆ. ಕಣ್ಣು ತನ್ನ ಜಾಗದಲ್ಲೇ ಇರುತ್ತೆ, ಮೇಲ್ಪೊರೆಯಲ್ಲಿ ಸಣ್ಣ ಕಿಂಡಿ ಮಾಡಿ ಸ್ನಾಯು ತಲುಪುತ್ತಾರೆ. ಬಹುತೇಕರು ಅದೇ ದಿನ ಮನೆಗೆ ಹೋಗುತ್ತಾರೆ.

"ವಯಸ್ಸಾಯ್ತು, ಇನ್ನೇನು"

ಮೂವತ್ತು ಐವತ್ತು ದಾಟಿದವರಿಗೆ "ಈಗ ಮಾಡಿಸಿ ಏನು ಉಪಯೋಗ, ಚಿಕ್ಕವರಿದ್ದಾಗಲೇ ಆಗಬೇಕಿತ್ತು" ಅಂತಾರೆ. ಇದೂ ಸುಳ್ಳು. ಗಡುವು ಇರೋದು ನೋಟ ಕಲಿಯುವುದಕ್ಕೆ. ಸ್ನಾಯುವನ್ನು ಸರಿಸುವುದಕ್ಕೆ ಅಂಥ ಗಡುವಿಲ್ಲ. ಎರಡೆರಡು ಕಾಣುವವರಿಗೆ ಅದು ನಿಂತರೆ ಮತ್ತೆ ಕಾರು ಓಡಿಸಬಹುದು, ಮೆಟ್ಟಿಲು ಧೈರ್ಯವಾಗಿ ಇಳಿಯಬಹುದು. ಕಣ್ಣು ಒಳಕ್ಕೆ ವಾಲಿದ್ದವರಿಗೆ ನೇರವಾದ ಮೇಲೆ ಪಕ್ಕದ ನೋಟ ಅಗಲವಾಗುತ್ತೆ. ಕತ್ತು ವಾಲಿಸಿಕೊಂಡೇ ನೋಡುತ್ತಿದ್ದವರ ಕತ್ತು ನೇರವಾಗಬಹುದು.

ಇನ್ನು ಎದುರಿನವರ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದು. ಅದೂ ಕಣ್ಣಿನ ಕೆಲಸವೇ. ಸ್ವಿಟ್ಜರ್ಲೆಂಡಿನ ಸಂಶೋಧಕರು ಮಕ್ಕಳ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ, ಒಂದೇ ಮುಖ ಒಂದರಲ್ಲಿ ನೇರ ಕಣ್ಣು, ಇನ್ನೊಂದರಲ್ಲಿ ಮೆಳ್ಳೆಗಣ್ಣು ಇರುವ ಹಾಗೆ ಮಾಡಿದರು. 3ರಿಂದ 12 ವರ್ಷದ 118 ಮಕ್ಕಳನ್ನು "ನಿನ್ನ ಬರ್ತ್‌ಡೇಗೆ ಯಾರನ್ನು ಕರೀತೀಯ?" ಅಂತ ಕೇಳಿದರು. ಆರು ವರ್ಷ ದಾಟಿದ ಮಕ್ಕಳು ಮೆಳ್ಳೆಗಣ್ಣಿನ ಮಗುವನ್ನು ಕಡಿಮೆ ಆರಿಸಿದರು. ತಪ್ಪು ಆ ಮಕ್ಕಳದ್ದೋ ಸಮಾಜದ್ದೋ, ಅದು ಬೇರೆ ಚರ್ಚೆ. ಅದರ ಬೆಲೆ ತೆರುವವರಿಗೆ ಮಾತ್ರ ಅದು "ಬರೀ ಚಂದ" ಅಲ್ಲ.

"ನನ್ನ ಮುಖ ಹೇಗಿದೆಯೋ ಹಾಗೇ ಒಪ್ಪಿಕೊಳ್ಳಿ, ಯಾಕೆ ಸರಿ ಮಾಡಬೇಕು?" ಅಂತ ಇಲ್ಲೇ ಬೆಳೆದ ಕಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಯಸ್ಕರಾಗಿ, ಎಲ್ಲ ತಿಳಿದು, ಬೇಡ ಅಂದರೆ ಯಾರೂ ಒತ್ತಾಯ ಮಾಡಬಾರದು. ಆದರೆ ಬೇಡ ಅನ್ನುವ ಹಕ್ಕು ನಿಜವಾಗಬೇಕಾದರೆ ಬೇಕು ಅನ್ನುವ ದಾರಿ ತೆರೆದಿರಬೇಕು. ಮೂರು ವರ್ಷದ ಮಗುವಿನ ಪರವಾಗಿ ನಾವು ಬೇಡ ಅಂದರೆ ಅದು ಒಪ್ಪಿಕೊಳ್ಳುವಿಕೆ ಅಲ್ಲ, ಅಸಡ್ಡೆ.

ಅಪಾಯ ಇಲ್ಲವೇ? ಇದೆ. ಅರಿವಳಿಕೆಯದ್ದು, ಸೋಂಕಿನದ್ದು, ಸ್ವಲ್ಪ ದಿನ ಎರಡೆರಡು ಕಾಣುವುದು, ಅಪರೂಪಕ್ಕೆ ಸ್ನಾಯು ಜಾರುವುದು. ಲೆಕ್ಕ ಹೆಚ್ಚುಕಡಿಮೆಯಾಗಿ ಎರಡನೇ ಸಲ ಮಾಡಬೇಕಾಗುವುದೂ ಉಂಟು. ಇದನ್ನೆಲ್ಲ ಸರ್ಜನ್ ಹತ್ತಿರ ಮುಖಕ್ಕೆ ಮುಖ ಕೊಟ್ಟು ಕೇಳಿ. ಅಪಾಯ ತೂಗಿ ಬೇಡ ಅನ್ನುವುದು ಒಂದು. "ಚಂದಕ್ಕೆ ತಾನೇ" ಅಂತ ತೂಗದೆಯೇ ಬಿಸಾಡುವುದು ಇನ್ನೊಂದು.

ಒಂದು ಕಾಲಂ, ಒಂದು ತಪ್ಪು ಲೇಬಲ್

ನನ್ನ ಕೆಲಸ ಡೇಟಾ ಸೈನ್ಸ್. ಅಲ್ಲಿ ಎಲ್ಲರಿಗೂ ಗೊತ್ತಿರುವ ಮಾತೊಂದಿದೆ: ಲೇಬಲ್ ತಪ್ಪಿದರೆ ಅದರ ಮೇಲೆ ಕಟ್ಟಿದ್ದೆಲ್ಲ ತಪ್ಪುತ್ತೆ. ಕಾಸ್ಮೆಟಿಕ್ ಅನ್ನುವ ಒಂದು ಗುರುತು ಬಿದ್ದರೆ ಮುಂದಿನ ಪ್ರತಿಯೊಂದು ಮೇಜಿನಲ್ಲೂ ಉತ್ತರ "ಇಲ್ಲ." ಆದ್ದರಿಂದ ಅಮೆರಿಕದಲ್ಲಿರುವವರು ಎರಡು ವಿಷಯ ತಿಳಿದುಕೊಳ್ಳಿ. ಒಂದು, ಮೆಳ್ಳೆಗಣ್ಣು ಬರೋದು ನಿಮ್ಮ ಮೆಡಿಕಲ್ ಇನ್ಶೂರೆನ್ಸಿಗೆ. ಕನ್ನಡಕಕ್ಕೆ ದುಡ್ಡು ಕೊಡುವ ವಿಷನ್ ಪ್ಲಾನ್ ನೋಡಿ "ಕವರ್ ಆಗಲ್ಲ" ಅಂತ ಸುಮ್ಮನಾಗಬೇಡಿ. ಎರಡು, ಕಾಸ್ಮೆಟಿಕ್ ಅಂತ ತಿರಸ್ಕರಿಸಿದರೆ ಅಪೀಲು ಹಾಕಿ. ವಯಸ್ಕರಿಗೆ ಮಾಡುವ ಈ ಶಸ್ತ್ರಚಿಕಿತ್ಸೆ ಕಾಸ್ಮೆಟಿಕ್ ಅಲ್ಲ, ರೀಕನ್‌ಸ್ಟ್ರಕ್ಟಿವ್ ಅಂತ ಅಮೆರಿಕದ ಮಕ್ಕಳ ಕಣ್ಣಿನ ತಜ್ಞರ ಸಂಘ ಎಎಪಿಒಎಸ್ ಸ್ಪಷ್ಟವಾಗಿಯೇ ಹೇಳುತ್ತೆ. ನಿಮ್ಮ ಸರ್ಜನ್ ಕಡೆಯಿಂದ ಅದೇ ಪದ ಇರುವ ಪತ್ರ ಬರೆಸಿ.

ಇಲ್ಲಿಗೆ ಬರುವ ಅಪ್ಪ ಅಮ್ಮನ ಬಗ್ಗೆಯೂ ಒಂದು ಮಾತು. ಸಕ್ಕರೆ ಕಾಯಿಲೆ, ಬಿಪಿ ಇರುವ ಹಿರಿಯರಿಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕಣ್ಣು ವಾಲಿ ಎರಡೆರಡು ಕಾಣಲು ಶುರುವಾದರೆ ಅದು ಕಣ್ಣು ಓಡಿಸುವ ನರದ ತೊಂದರೆ ಇರಬಹುದು. ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನಾಗೇ ಸರಿಹೋಗುತ್ತೆ, ಆಪರೇಷನ್ನಿಗೆ ಕಾಯುತ್ತಾರೆ. ಆದರೆ ಪರೀಕ್ಷೆಗೆ ಕಾಯಬಾರದು. ಜೊತೆಗೆ ರೆಪ್ಪೆ ಜೋತುಬಿದ್ದಿದ್ದರೆ, ಪಾಪೆ ದೊಡ್ಡದಾಗಿದ್ದರೆ, ತಲೆನೋವು ಇದ್ದರೆ, ನೇರ ಎಮರ್ಜೆನ್ಸಿಗೆ. ಮಿದುಳಿನ ರಕ್ತನಾಳ ಉಬ್ಬಿದಾಗಲೂ ಹೀಗೇ ಆಗುತ್ತೆ.

ಕೊನೆಗೆ ನಿಮ್ಮನ್ನು ಕೇಳಿಕೊಳ್ಳೋದು ಇಷ್ಟೇ. ಮುಂದಿನ ಸಲ ಯಾರ ಬಾಯಲ್ಲಾದರೂ "ಅದು ಚಂದಕ್ಕೆ ಬಿಡು" ಅಂತ ಕೇಳಿದರೆ ಸುಮ್ಮನಿರಬೇಡಿ. ಹಿರಿಯರಾದರೆ ಗೌರವದಿಂದಲೇ ಹೇಳಿ, "ಅಜ್ಜಿ, ಕಣ್ಣು ಇರೋದು ನೋಡೋಕೆ. ಎರಡೂ ಕಣ್ಣು ನೋಡ್ತಿದೆಯಾ ಅಂತ ಮೊದಲು ತೋರಿಸೋಣ" ಅನ್ನಿ. ಅಪಾಯಿಂಟ್‌ಮೆಂಟು ಡಿಸೆಂಬರಿನಲ್ಲಿ ಊರಿಗೆ ಹೋದಾಗ ಬೇಡ, ಈ ವಾರ ತೆಗೆದುಕೊಳ್ಳಿ.