ಹಿಂದಿನದನ್ನು ಮರೆಯದ ಪಿಂಗಾಣಿ

ಅಡುಗೆಮನೆಯ ಗ್ಯಾಸ್ ಲೈಟರನ್ನು ಅದುಮಿದೊಡನೆ ಕಿಡಿ ಹಾರುವುದಷ್ಟೆ? ಒಳಗಿನ ಪಿಂಗಾಣಿ ತುಣುಕಿಗೆ ಪುಟ್ಟ ಸುತ್ತಿಗೆಯ ಪೆಟ್ಟು ಬಿದ್ದು ವಿದ್ಯುತ್ತು ಹುಟ್ಟುತ್ತದೆ. ಇದು ಫೆರೋಎಲೆಕ್ಟ್ರಿಕ್ ಜಾತಿಯ ಪದಾರ್ಥ. 1920ರಲ್ಲಿ ಅಮೆರಿಕದ ಜೋಸೆಫ್ ವಾಲಸೆಕ್ ಈ ಜಾತಿಯ ಸ್ವಭಾವವನ್ನು ರೋಶೆಲ್ ಲವಣದಲ್ಲಿ ಗುರುತಿಸಿದರು: ವಿದ್ಯುದ್ಬಲವನ್ನು ಏರಿಸಿ ಇಳಿಸಿದರೆ ಹರಳು ಹೋದ ದಾರಿಯಲ್ಲೇ ಮರಳದು. ಒಳಗಿನ ಸೂಕ್ಷ್ಮ ವಲಯಗಳು ದಿಕ್ಕು ಬದಲಿಸಿ, ಬಲ ನಿಂತ ಮೇಲೂ ಬಹುಪಾಲು ಹಾಗೆಯೇ ಉಳಿಯುತ್ತವೆ. ಅತಿಯಾದ ಒತ್ತಡವೂ ಅವನ್ನು ತಿರುಗಿಸಬಲ್ಲದು; ಆಗ ಪಿಂಗಾಣಿ ತನ್ನ ವಿದ್ಯುತ್ ಗುಣವನ್ನೇ ಕಳೆದುಕೊಂಡೀತು. ಸಮುದ್ರದಾಳದಲ್ಲಿ ಕಿವಿಗೊಟ್ಟಿರುವ ಸೋನಾರ್ ಯಂತ್ರಕ್ಕೆ ಇದೇ ಭಯ.

ಎರಡು ಪಟ್ಟು ಒತ್ತಿದರೆ ಎರಡು ಪಟ್ಟು ಫಲವೆಂಬ ತ್ರೈರಾಶಿ ಇಲ್ಲಿ ನಡೆಯದು. ಲೆಕ್ಕ ಹಾಕುವವರಿಗೆ ಈಗಿನ ಒತ್ತಡ, ವೋಲ್ಟೇಜುಗಳು ತಿಳಿದರೆ ಸಾಲದು. ಪಿಂಗಾಣಿ ಹಿಂದೆ ಏನೇನು ಅನುಭವಿಸಿತ್ತೆಂಬುದನ್ನೂ ಸಮೀಕರಣದಲ್ಲಿ ಸೇರಿಸಬೇಕು.