ನಡುಪಟ್ಟಿಯೂ ಹೂಜಿಯೂ

ಸಣ್ಣ ಚೆಂಡನ್ನು ಕೋಲಿನಿಂದ ಹೊಡೆದು, ಬಯಲಿನಲ್ಲಿ ದೂರ ದೂರವಿರುವ ಕುಳಿಗಳಿಗೆ ಒಂದೊಂದಾಗಿ ಬೀಳಿಸುವುದೇ ಗಾಲ್ಫ್ ಆಟ. ಹೊಡೆತಗಳು ಯಾರಿಗೆ ಕಡಮೆಯೋ ಅವರಿಗೆ ಗೆಲವು. ಇದರ ಮುಖ್ಯ ಪಂದ್ಯಗಳಲ್ಲಿ ಅತ್ಯಂತ ಹಳೆಯದಾದ ‘ಓಪನ್’ ಪಂದ್ಯವು 1860ನೆಯ ಇಸವಿ ಅಕ್ಟೋಬರ್ 17ರಂದು ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ಕಿನಲ್ಲಿ ಮೊದಲಾಯಿತು. ಆಟವೇ ಕಸುಬಾಗಿದ್ದ ಎಂಟು ಮಂದಿ ಅಂದು ಸೆಣಸಿದರು. 12 ಕುಳಿಗಳ ಬಯಲನ್ನು ಮೂರು ಸುತ್ತು ಬಂದು, 174 ಹೊಡೆತಗಳಲ್ಲಿ ಮುಗಿಸಿದ ವಿಲ್ಲಿ ಪಾರ್ಕನು ಗೆದ್ದನು. ಹಣದ ಬಹುಮಾನವಿರಲಿಲ್ಲ, ಬೆಳ್ಳಿಯ ಅಲಂಕಾರವಿದ್ದ ಕೆಂಪು ತೊಗಲಿನ ನಡುಪಟ್ಟಿಯೊಂದೇ ಅವನಿಗೆ ಸಂದ ಗೌರವ. ಅದನ್ನೂ ಮರುವರ್ಷ ಹಿಂದಿರುಗಿಸಬೇಕು. ಎಡೆಬಿಡದೆ ಮೂರು ಸಲ ಗೆದ್ದವನಿಗೆ ಮಾತ್ರ ಅದು ಸ್ವಂತವಾಗುವುದೆಂದು ನಿಯಮವಿದ್ದಿತು.

ಅಂದು ಎರಡು ಹೊಡೆತಗಳಿಂದ ಸೋತ ಟಾಮ್ ಮಾರಿಸನಿಗೆ ಅದೇ ಹೆಸರಿನ ಮಗನಿದ್ದನು. ಈ ಕಿರಿಯ ಟಾಮನು 1868, 1869, 1870ರಲ್ಲಿ ಸಾಲಾಗಿ ಗೆದ್ದು ಪಟ್ಟಿಯನ್ನು ಮನೆಗೊಯ್ದನು. ಕೊಡಲು ಬಹುಮಾನವೇ ಉಳಿಯದೆ 1871ರಲ್ಲಿ ಪಂದ್ಯವು ನಿಂತಿತು! 1872ರಲ್ಲಿ ಮೂರು ಸಂಘಗಳು ಕೂಡಿ, ಗೆದ್ದವನು ವರ್ಷಕಾಲ ಇಟ್ಟುಕೊಂಡು ಒಪ್ಪಿಸಬೇಕಾದ ಬೆಳ್ಳಿಯ ಹೂಜಿಯೊಂದನ್ನು ಏರ್ಪಡಿಸಿದುವು. ಆ ವರ್ಷವೂ ಕಿರಿಯ ಟಾಮನೇ ಗೆದ್ದನು. ಹೂಜಿಯು ಇನ್ನೂ ಸಿದ್ಧವಾಗದಿದ್ದುದರಿಂದ ಅವನಿಗೆ ಪದಕವು ದೊರೆಯಿತು. ಹೂಜಿಯ ಮೇಲೆ ಮೊದಲು ಕೆತ್ತಿದುದು ಅವನ ಹೆಸರನ್ನೇ. 1875ರ ಸೆಪ್ಟೆಂಬರಿನಲ್ಲಿ ಅವನ ಹೆಂಡತಿಯೂ ಹಸುಗೂಸೂ ತೀರಿಕೊಂಡರು. ಆ ಕ್ರಿಸ್ಮಸ್ಸಿನ ದಿನವೇ ಅವನೂ ಕಣ್ಮುಚ್ಚಿದನು, ವಯಸ್ಸು ಇಪ್ಪತ್ತನಾಲ್ಕು.

ಅನಂತರ ಈ ಪಂದ್ಯವನ್ನು ತಡೆದುವು ಎರಡು ಮಹಾಯುದ್ಧಗಳೂ 2020ರ ಸಾಂಕ್ರಾಮಿಕವೂ ಮಾತ್ರ. ಒಬ್ಬನ ಸ್ವತ್ತಾದ ಪಟ್ಟಿಯು ಪಂದ್ಯವನ್ನೇ ನಿಲ್ಲಿಸಿತು. ಕೈಯಿಂದ ಕೈಗೆ ಸಾಗಿದ ಹೂಜಿಯು ಅದನ್ನು ಉಳಿಸಿತು. ಮನೆತನದ ಒಡವೆಯನ್ನು ಸೊಸೆಗೆ ಒಪ್ಪಿಸುವ ಅತ್ತೆಯಂದಿರಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾದುದಿಲ್ಲ.